ಖಾರ ತಿಂದರೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ತಾಲೂಕು. ನನಗೆ 36 ವರ್ಷ, ಇಬ್ಬರು ಮಕ್ಕಳು, ಆಪರೇಷನ್ ಆಗಿದೆ. ನಮ್ಮ ದೊಡ್ಡಮ್ಮನಿಗೆ 54 ವರ್ಷ. ಹೋದ ತಿಂಗಳು ಬಳ್ಳಾರಿಯಲ್ಲಿ ತೋರಿಸಿದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂದರು, ರೇಡಿಯೇಷನ್‌ಗೆ ಹುಬ್ಬಳ್ಳಿಗೆ ಬರೆದುಕೊಟ್ಟಿದ್ದಾರೆ. ಜೀವಮಾನವಿಡೀ ಕೆಂಪು ಖಾರ, ಮಿರ್ಚಿ ತಿಂದು ಹೀಟ್ ಆಗಿ ಹೀಗಾಯಿತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈಗ ಬದನೆಕಾಯಿ, ಮೊಟ್ಟೆ, ಮೊಸರು, ಶೇಂಗಾ ಎಲ್ಲಾ ನಂಜು ಅಂತ ಬಿಡಿಸಿದ್ದಾರೆ. ಯಾರೋ ಲಕ್ಷ್ಮಣ ಫಲದ ರಸ ಕುಡಿಸಿ ಅಂದರು. ನನಗೂ ಎರಡು ವರ್ಷದಿಂದ ಬಿಳಿ ಹೋಗುತ್ತದೆ. ಸಬ್ಬಕ್ಕಿ ಗಂಜಿ, ಎಳನೀರು ಕುಡಿಯುತ್ತೇನೆ, ಕಡಿಮೆ ಆಗುತ್ತೆ, ಮತ್ತೆ ಬರುತ್ತೆ. ನನಗೂ ಕ್ಯಾನ್ಸರ್ ಬರಬಹುದಾ? ಏನು ತಿನ್ನಬೇಕು, ಏನು ಬಿಡಬೇಕು ಹೇಳಿ. ಮನೆಯಲ್ಲಿ 12 ವರ್ಷದ ಮಗಳು, 58 ವರ್ಷದ ಅತ್ತೆ ಇದ್ದಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ದೊಡ್ಡಮ್ಮನಿಗೆ ಈ ಕಾಯಿಲೆ ಬಂದದ್ದು ಖಾರದಿಂದ ಅಲ್ಲ. ಮಿರ್ಚಿಯಿಂದಲೂ ಅಲ್ಲ, ಹೀಟ್‌ನಿಂದಲೂ ಅಲ್ಲ. ಅವರು ತಿಂದದ್ದರಲ್ಲಿ ತಪ್ಪು ಹುಡುಕುವುದನ್ನು ಮನೆಯವರು ಇವತ್ತೇ ನಿಲ್ಲಿಸಲಿ. ಕಾಯಿಲೆ ಒಂದು ಸಂಕಟ, ಅದರ ಮೇಲೆ "ನೀನೇ ತಿಂದು ತಂದುಕೊಂಡೆ" ಅನ್ನುವ ಮಾತು ಇನ್ನೊಂದು ಸಂಕಟ. ಅದನ್ನು ಕೇಳಿ ಕೇಳಿ ಎಷ್ಟೋ ಹೆಣ್ಣುಮಕ್ಕಳು ಚಿಕಿತ್ಸೆಯೇ ಬೇಡ ಅಂತ ಕೂತುಬಿಡುತ್ತಾರೆ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಹುಪಾಲು ಎಲ್ಲಾ ಸಲವೂ ಒಂದು ವೈರಸ್‌ನಿಂದ ಬರುತ್ತದೆ. ಅದರ ಹೆಸರು ಎಚ್‌ಪಿವಿ. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಮತ್ತು ಅವರ ಜೊತೆಗಾರರು 1983 ಮತ್ತು 1984ರಲ್ಲಿ ಈ ಕ್ಯಾನ್ಸರಿನ ಗಡ್ಡೆಯೊಳಗೇ ಎಚ್‌ಪಿವಿಯ 16 ಮತ್ತು 18ನೇ ತಳಿಗಳನ್ನು ಗುರುತಿಸಿದರು. ಆ ಕೆಲಸಕ್ಕೆ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಜಗತ್ತಿನಲ್ಲಿ ನಡೆಯುವ ಈ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಈ ಎರಡು ತಳಿಗಳಿಂದಲೇ ಬರುತ್ತವೆ. ಗಂಡ-ಹೆಂಡತಿ ಕೂಡಿದಾಗ ಈ ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹಾಗಂದ ಕೂಡಲೇ ಯಾರ ನಡತೆಯನ್ನೂ ಅನುಮಾನಿಸಬೇಡಿ. ಮದುವೆಯಾದವರಲ್ಲಿ ಬಹುತೇಕ ಎಲ್ಲರಿಗೂ ಯಾವಾಗಲೋ ಒಮ್ಮೆ ಇದು ತಗುಲಿರುತ್ತದೆ, ತಗುಲಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಜ್ವರ ಇಲ್ಲ, ನೋವು ಇಲ್ಲ, ತುರಿಕೆಯೂ ಇಲ್ಲ. ಒಬ್ಬನೇ ಗಂಡನೊಂದಿಗೆ ಜೀವನ ಕಳೆದ ಹೆಂಗಸಿಗೂ ಬರಬಹುದು.

ಸಮಾಧಾನದ ವಿಷಯ ಏನು ಅಂದರೆ, ವೈರಸ್ ತಗುಲಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ಮೈ ಒಂದೆರಡು ವರ್ಷದಲ್ಲಿ ತಾನೇ ಅದನ್ನು ಹೊರಗೆ ಹಾಕಿಬಿಡುತ್ತದೆ. ಉಳಿದವರಲ್ಲಿ ಅದು ಗರ್ಭಕೋಶದ ಬಾಯಿಯ ಚರ್ಮದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅಲ್ಲಿನ ಕಣಗಳನ್ನು ನಿಧಾನಕ್ಕೆ ಕೆಡಿಸುತ್ತಾ ಹೋಗುತ್ತದೆ. ಆ ಕೆಟ್ಟ ಕಣಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ತೆಗೆದುಕೊಳ್ಳದೆ ಇದ್ದರೆ 5ರಿಂದ 10 ವರ್ಷ ಸಾಕು. ಆ 15-20 ವರ್ಷ ಇದೆಯಲ್ಲಾ, ಅದೇ ನಮ್ಮ ಕೈಯಲ್ಲಿರುವ ಸಮಯ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಸರಿಯಾದ ಪರೀಕ್ಷೆ ಆದರೂ ಕ್ಯಾನ್ಸರ್ ಆಗುವ ಮೊದಲೇ ಹಿಡಿಯಬಹುದು.

ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ವಾ? ಇದೆ, ಆದರೆ ಜನ ಅಂದುಕೊಂಡ ಜಾಗದಲ್ಲಿ ಇಲ್ಲ. ವೈರಸ್ ಒಳಗೆ ಬರುವುದನ್ನು ಯಾವ ಊಟವೂ ತಡೆಯುವುದಿಲ್ಲ. ಕ್ಯಾನ್ಸರ್ ಆದ ಮೇಲೆ ಯಾವ ಊಟವೂ ಅದನ್ನು ಕರಗಿಸುವುದಿಲ್ಲ. ನಡುವೆ ಒಂದು ಕಡೆ, ಅಂದರೆ ಮೈ ಆ ವೈರಸ್ಸನ್ನು ಹೊರಹಾಕುವ ಹೊತ್ತಿನಲ್ಲಿ, ಒಳ್ಳೆಯ ಊಟದಿಂದ ಸ್ವಲ್ಪ ಸಹಾಯ ಆಗಬಹುದು. ಮತ್ತೆ ಚಿಕಿತ್ಸೆ ನಡೆಯುವಾಗ ಊಟದ ಪಾತ್ರ ತುಂಬಾ ದೊಡ್ಡದು. ಈಗ ನಿಮ್ಮ ಮನೆಯಲ್ಲಿ ಆ ಹೊತ್ತಿನಲ್ಲೇ ಮೊಟ್ಟೆ, ಮೊಸರು ಬಿಡಿಸಿದ್ದೀರಿ. ಅದಕ್ಕೇ ನನಗೆ ಕಳವಳ, ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ಮೊದಲು ವೈರಸ್ ಮತ್ತು ಊಟದ ಮಾತು ಮುಗಿಸುತ್ತೇನೆ. ಹಣ್ಣು, ಸೊಪ್ಪು, ತರಕಾರಿ ಜಾಸ್ತಿ ತಿನ್ನುವ ಹೆಂಗಸರಲ್ಲಿ ಈ ವೈರಸ್ ಬಹಳ ದಿನ ಉಳಿಯುವುದು ಸ್ವಲ್ಪ ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಬ್ರೆಜಿಲ್‌ನ ಸಾವೊ ಪಾಲೊ ನಗರದಲ್ಲಿ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯಾದರೂ ಪಪ್ಪಾಯಿ ತಿನ್ನುವವರಲ್ಲಿ ವೈರಸ್ ಉಳಿದುಕೊಳ್ಳುವುದು ಕಡಿಮೆ ಇತ್ತು ಅಂತ ಅದರಲ್ಲಿ ಬಂತು. ಇದನ್ನು ಓದಿ ನಾಳೆಯಿಂದ ಪಪ್ಪಾಯಿಯೇ ಔಷಧಿ ಅಂತ ಹೊರಡಬೇಡಿ. ಪಪ್ಪಾಯಿ ತಿನ್ನುವವರು ಬೇರೆ ಏನೇನು ತಿನ್ನುತ್ತಿದ್ದರು, ಹೇಗೆ ಬದುಕುತ್ತಿದ್ದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಹೊಲಗಳಲ್ಲಿ ಪಪ್ಪಾಯಿ ಚೆನ್ನಾಗಿ ಬೆಳೆಯುತ್ತದೆ, ಅಗ್ಗಕ್ಕೆ ಸಿಗುತ್ತದೆ. ಅದೇ ಹಣ್ಣನ್ನು "ಹೀಟು" ಅಂತ ನಮ್ಮ ಹೆಣ್ಣುಮಕ್ಕಳು ಮುಟ್ಟುವುದಿಲ್ಲ! ಬಸುರಿ ಅಲ್ಲದ ಹೆಂಗಸು ಹಣ್ಣಾದ ಪಪ್ಪಾಯಿಗೆ ಹೆದರಬೇಕಾದ ಕಾರಣವೇ ಇಲ್ಲ.

ಇನ್ನು ಮಾತ್ರೆ-ಪುಡಿಗಳ ಕಥೆ. ಸೊಪ್ಪಿನಲ್ಲಿರುವ ಫೋಲಿಕ್ ಆಸಿಡ್, ಗಜ್ಜರಿಯಲ್ಲಿರುವ ಬೀಟಾ ಕೆರೋಟಿನ್ ಇವನ್ನು ಮಾತ್ರೆ ಮಾಡಿ ಕೊಟ್ಟರೆ ಕ್ಯಾನ್ಸರಿನ ಮುಂಚಿನ ಹಂತದ ಕೆಟ್ಟ ಕಣಗಳು ಸರಿಹೋಗುತ್ತವಾ ಅಂತ ಡಾಕ್ಟರುಗಳು ಸರಿಯಾಗಿಯೇ ಪರೀಕ್ಷಿಸಿ ನೋಡಿದ್ದಾರೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಸುಮ್ನೆ ಖಾಲಿ ಮಾತ್ರೆ. ಎರಡೂ ಗುಂಪಿನಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. ಅದು 1994ರಲ್ಲಿ ಪ್ರಕಟವಾದ ವಿಷಯ. ಅದಕ್ಕೇ ನಾನು ಹೇಳುವುದು, ಸೊಪ್ಪು ತಿನ್ನಿ, ಸೊಪ್ಪಿನ ಹೆಸರಿನ ಡಬ್ಬಿ ಕೊಳ್ಳಬೇಡಿ. ಸಾವಿರಾರು ರೂಪಾಯಿ ಕೊಟ್ಟು ತರುವ ಆ ಪುಡಿಗಿಂತ ನಿಮ್ಮ ಸಂತೆಯ ಪುಂಡಿಪಲ್ಯ, ಮೆಂತ್ಯೆ, ರಾಜಗಿರಿ ಸೊಪ್ಪು ಎಷ್ಟೋ ಮೇಲು.

ನಿಜ ಹೇಳಬೇಕೆಂದರೆ ನಮ್ಮ ಭಾಗದ ಹಳೆಯ ಊಟಕ್ಕೆ ನಾನು ಹೆಸರಿಡಲಾರೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಮಡಕಿ ಕಾಳು, ಹೆಸರು ಕಾಳು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಪಕ್ಕದಲ್ಲಿ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ. ಇದಕ್ಕಿಂತ ಒಳ್ಳೆಯ ಊಟವನ್ನು ಯಾವ ಡಯಟಿಶಿಯನ್ ಬರೆದುಕೊಡುತ್ತಾರೆ ಹೇಳಿ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಮೂರು ಹೊತ್ತೂ ಸೋನಾಮಸೂರಿ ಅನ್ನ ಆಯಿತು, ಕಾಳು-ಪಲ್ಯ ಕಡಿಮೆಯಾಯಿತು. ಅದಕ್ಕಿಂತ ನನಗೆ ಬೇಜಾರು ಯಾವುದಕ್ಕೆ ಅಂದರೆ, ಆ ಅನ್ನ-ಪಲ್ಯವೂ ಮನೆಯ ಹೆಂಗಸಿನ ತಟ್ಟೆಗೆ ಕೊನೆಗೆ ಬರುತ್ತದೆ. ಗಂಡ, ಮಕ್ಕಳು, ಅತ್ತೆ-ಮಾವ ಎಲ್ಲರದೂ ಆಗಿ ಪಾತ್ರೆಯ ತಳದಲ್ಲಿ ಉಳಿದ ಸಾರು, ಒಂದು ರೊಟ್ಟಿ, ಮೇಲೆ ಒಂದು ಕಪ್ ಚಹಾ. ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತ ಕಡಿಮೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಈ ರಕ್ತಹೀನತೆಯಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಕ್ಯಾನ್ಸರ್ ಬಂದಾಗ ಇದೇ ದೊಡ್ಡ ಅಡ್ಡಿಯಾಗುತ್ತದೆ.

ಬಾಯಿಗೆ ಹಾಕುವ ವಸ್ತುಗಳಲ್ಲಿ ನಾನು ಖಂಡಿತ ಬಿಡಿ ಅನ್ನುವುದು ಒಂದೇ, ತಂಬಾಕು. ಬೀಡಿ-ಸಿಗರೇಟಿನಿಂದ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಸಾಬೀತಾದ ಮಾತು. ಸೇದುವ ಹೆಂಗಸರ ಗರ್ಭಕೋಶದ ಬಾಯಿಯ ಲೋಳೆಯಲ್ಲೇ ನಿಕೋಟಿನ್ ಸಿಕ್ಕಿದೆ. ಎಲ್ಲಿಯ ಬಾಯಿ, ಎಲ್ಲಿಯ ಗರ್ಭಕೋಶ ಅನ್ನಿಸುತ್ತೆ ಅಲ್ವಾ? ರಕ್ತದ ಮೂಲಕ ಅಲ್ಲಿಯವರೆಗೆ ಹೋಗುತ್ತದೆ. ನಮ್ಮಲ್ಲಿ ಹೆಂಗಸರು ಸೇದುವುದು ಕಡಿಮೆ, ಆದರೆ ಎಲೆ-ಅಡಿಕೆ ಜೊತೆ ತಂಬಾಕು ಹಾಕುವುದು ಬಹಳ. ಬತ್ತ ನಾಟಿ ಮಾಡಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವವರು ಹಸಿವು ಗೊತ್ತಾಗದಿರಲಿ ಅಂತ ದವಡೆಯಲ್ಲಿ ತಂಬಾಕು ಒತ್ತಿಕೊಂಡು ಕೆಲಸ ಮಾಡುವುದನ್ನು ನೀವೂ ನೋಡಿರುತ್ತೀರಿ. ತಂಬಾಕು ಹಾಕಿದ ಎಲೆ-ಅಡಿಕೆಗೂ ಈ ಕ್ಯಾನ್ಸರ್‌ಗೂ ನಂಟು ಇರಬಹುದು ಅಂತ ದಕ್ಷಿಣ ಭಾರತದಲ್ಲೇ ನಡೆದ ಅಧ್ಯಯನ ತೋರಿಸಿದೆ. ಬಾಯಿ ಕ್ಯಾನ್ಸರ್ ಅಂತೂ ಹೇಗೂ ಇದ್ದೇ ಇದೆ. ನಿಮ್ಮ ದೊಡ್ಡಮ್ಮ ಹಾಕುತ್ತಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಬಿಡಿಸಿ. ರೇಡಿಯೇಷನ್ ನಡೆಯುವಾಗ ಸೇದುತ್ತಲೇ ಇದ್ದರೆ ಚಿಕಿತ್ಸೆಯ ಫಲ ಕಡಿಮೆ, ತೊಂದರೆ ಜಾಸ್ತಿ. ಅಗಿಯುವ ತಂಬಾಕೂ ಆ ಹೊತ್ತಿನಲ್ಲಿ ಬೇಡವೇ ಬೇಡ.

ಊಟ ಬಿಟ್ಟು ಬೇರೆ ಕಾರಣಗಳೂ ಇವೆ. ತುಂಬಾ ಚಿಕ್ಕ ವಯಸ್ಸಿನಲ್ಲಿ ಮದುವೆ, ಬೇಗ ಬಸುರಿ, ಮೇಲಿಂದ ಮೇಲೆ ಹೆರಿಗೆ, ಐದು ವರ್ಷಕ್ಕಿಂತ ಹೆಚ್ಚು ಕಾಲ ಗರ್ಭನಿರೋಧಕ ಮಾತ್ರೆ, ಎಚ್‌ಐವಿ. ಇವೆಲ್ಲಾ ವೈರಸ್‌ಗೆ ಕೈಜೋಡಿಸುತ್ತವೆ. ನಮ್ಮ ಜಿಲ್ಲೆಗಳಲ್ಲಿ ಹದಿನಾರು, ಹದಿನೇಳಕ್ಕೇ ಮದುವೆ ಮಾಡಿಬಿಡುವುದು ಇನ್ನೂ ನಿಂತಿಲ್ಲ ಅನ್ನುವುದು ನನಗೆ ನಿತ್ಯ ಕಣ್ಣಿಗೆ ಕಾಣುತ್ತದೆ. ಮೂವತ್ತಕ್ಕೆ ಆಪರೇಷನ್ ಆದ ಮೇಲೆ ಆ ಹೆಂಗಸು ಮತ್ತೆ ಹೆರಿಗೆ ಡಾಕ್ಟರ ಕಡೆ ತಲೆ ಹಾಕುವುದಿಲ್ಲ. ಪರೀಕ್ಷೆ ಮಾಡಿಸಬೇಕಾದ ವಯಸ್ಸು ಶುರುವಾಗುವುದೇ ಆಗ!

ಈಗ ನಿಮ್ಮ ಬಿಳಿ ಹೋಗುವ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಿಂದ ಸಬ್ಬಕ್ಕಿ ಗಂಜಿ ಕುಡಿಯುತ್ತಿದ್ದೀರಿ. ಸಬ್ಬಕ್ಕಿ ಗಂಜಿಯಿಂದ ಹಾನಿ ಏನೂ ಇಲ್ಲ, ಎಳನೀರೂ ಒಳ್ಳೆಯದೇ. ಹಾನಿ ಆಗುವುದು ಕಳೆದುಹೋದ ಆ ಎರಡು ವರ್ಷದಿಂದ. ನಮ್ಮಲ್ಲಿ ಬಿಳಿ ಹೋಗುವುದು ಅಂದರೆ ಮೈಯಲ್ಲಿ ಹೀಟ್ ಆಗಿದೆ ಅಂತ ಅರ್ಥ. ಹೀಟ್ ಅಂದ ಮೇಲೆ ತಂಪಿನದು ಕುಡಿದರೆ ಆಯಿತು, ಡಾಕ್ಟರ್ ಯಾಕೆ ಬೇಕು? ಊಟದಿಂದ ಬಂದದ್ದು ಊಟದಿಂದಲೇ ಹೋಗಲಿ ಅನ್ನುವ ಈ ನಂಬಿಕೆಯೇ ನಮ್ಮ ಹೆಣ್ಣುಮಕ್ಕಳನ್ನು ಪರೀಕ್ಷೆಯಿಂದ ದೂರ ಇಟ್ಟಿದೆ ಅಂತ ನಾನು ಬಲವಾಗಿ ನಂಬಿದ್ದೇನೆ. ಬಿಳಿ ಹೋಗುವುದಕ್ಕೆ ಮುಖ್ಯ ಕಾರಣ ಬೇರೆ ಸೋಂಕುಗಳು. ಶಿಲೀಂಧ್ರದ ಸೋಂಕಾದರೆ ಮೊಸರು ಒಡೆದ ಹಾಗೆ ಗಟ್ಟಿಯಾಗಿ ಹೋಗಿ ತುರಿಸುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಇದು ಮತ್ತೆ ಮತ್ತೆ ಬರುತ್ತದೆ. ಇನ್ನು ಕೆಲವು ಸೋಂಕಿಗೆ ಮೀನಿನ ವಾಸನೆ, ಕೆಲವಕ್ಕೆ ಹಳದಿ-ಹಸಿರು ಬಣ್ಣ. ಇವಕ್ಕೆಲ್ಲಾ ಕೆಲವು ದಿನಗಳ ಮಾತ್ರೆ ಇದೆ, ಕೆಲವಕ್ಕೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕು. ತಿಂಗಳ ಮಧ್ಯದಲ್ಲಿ ಒಂದೆರಡು ದಿನ ತಿಳಿಯಾಗಿ, ವಾಸನೆ ಇಲ್ಲದೆ ಹೋಗುವುದು ಕಾಯಿಲೆಯೇ ಅಲ್ಲ.

ಕ್ಯಾನ್ಸರಿನ ಗುರುತು ಬೇರೆ. ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷ ಆದ ಮೇಲೆ ಮತ್ತೆ ರಕ್ತ, ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ನೀರು ಹೋಗುವುದು. ಇದರಲ್ಲಿ ಒಂದು ಕಂಡರೂ ಅದೇ ವಾರ ಬನ್ನಿ. ಸೊಂಟನೋವು, ಕಾಲು ಬಾವು ಬರುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ನೀವು ಇವು ಯಾವುದನ್ನೂ ಬರೆದಿಲ್ಲ, ಹಾಗಾಗಿ ಹೆದರಬೇಡಿ. ಆದರೆ ಏನೂ ಗುರುತು ಇಲ್ಲದಾಗಲೇ ಪರೀಕ್ಷೆ ಮಾಡಿಸಬೇಕು, ಅದರ ಉಪಯೋಗ ಇರುವುದೇ ಆಗ.

ಪರೀಕ್ಷೆ ಅಂದರೆ ಏನು ಅಂತ ಗೊತ್ತಿಲ್ಲದೇ ಬಹಳ ಜನ ಹೆದರುತ್ತಾರೆ, ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮಾಡುವುದು ವಿಐಎ ಪರೀಕ್ಷೆ. ಹೆರಿಗೆಗೆ ಮಲಗುವ ಹಾಗೆ ಮಲಗಿಸುತ್ತಾರೆ, ಒಂದು ಸಣ್ಣ ಸಾಧನ ಹಾಕಿ ಗರ್ಭಕೋಶದ ಬಾಯಿ ಕಾಣುವ ಹಾಗೆ ಮಾಡಿಕೊಳ್ಳುತ್ತಾರೆ. ವಿನೆಗರ್ ಗೊತ್ತಲ್ಲ, ಅಂಥದ್ದೇ ಆಸಿಡ್ಡನ್ನು 3ರಿಂದ 5% ತೆಳುವಾಗಿ ಮಾಡಿ ಹತ್ತಿಯಲ್ಲಿ ಅದ್ದಿ ಅಲ್ಲಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಸ್ವಲ್ಪ ಚುರುಗುಟ್ಟಬಹುದು, ಅಷ್ಟೇ. ಕಣಗಳು ಸರಿಯಿದ್ದರೆ ಬಣ್ಣ ಗುಲಾಬಿಯಾಗಿಯೇ ಇರುತ್ತದೆ, ಕೆಟ್ಟಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಅಲ್ಲೇ, ಆಗಲೇ ಗೊತ್ತಾಗುತ್ತದೆ. ಬೆಳ್ಳಗೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಮುಂದಿನ ತಪಾಸಣೆ ಬೇಕು ಅಂತ ಅರ್ಥ. ಕ್ಯಾನ್ಸರಿನ ಮುಂಚಿನ ಹಂತ ಆಗಿದ್ದರೆ ಆ ಜಾಗಕ್ಕೆ ಬಿಸಿ ಮುಟ್ಟಿಸಿಯೋ, ತಣ್ಣಗೆ ಹೆಪ್ಪುಗಟ್ಟಿಸಿಯೋ, ಸಣ್ಣ ತಂತಿಯ ಕುಣಿಕೆಯಲ್ಲಿ ತೆಗೆದೋ ಗುಣ ಮಾಡಬಹುದು. ಗರ್ಭಕೋಶ ತೆಗೆಯುವ ಮಾತೇ ಬರುವುದಿಲ್ಲ. ಇಲ್ಲೊಂದು ಎಚ್ಚರಿಕೆ. ಸುಮ್ನೆ ಬಿಳಿ ಹೋಗುತ್ತದೆ ಅಂತ ಯಾರಾದರೂ "ಗರ್ಭಕೋಶ ತೆಗೆಸಿಬಿಡಿ, ಮುಂದೆ ಕ್ಯಾನ್ಸರ್ ಆಗುತ್ತೆ" ಅಂದರೆ ಒಪ್ಪಬೇಡಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಊಟ ದೊಡ್ಡದೋ ಪರೀಕ್ಷೆ ದೊಡ್ಡದೋ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗ ಧಾರಾಶಿವ ಅನ್ನುತ್ತಾರೆ. ಅಲ್ಲಿಯವರೂ ನಮ್ಮ ಹಾಗೇ ಜೋಳದ ರೊಟ್ಟಿ, ಖಾರದ ಚಟ್ನಿ ತಿನ್ನುವ ಜನ. ಅಲ್ಲಿ 30ರಿಂದ 59 ವರ್ಷದ ಸುಮಾರು 1.3 ಲಕ್ಷ ಹೆಂಗಸರನ್ನು ಹಳ್ಳಿ ಹಳ್ಳಿಯಾಗಿ ಗುಂಪು ಮಾಡಿ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಪರೀಕ್ಷೆ ಮಾಡಿದರು, ಒಂದು ಗುಂಪನ್ನು ಮಾಮೂಲಿನಂತೆ ಬಿಟ್ಟರು. ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ, ಅಂದರೆ ಆ ವೈರಸ್ ಇದೆಯಾ ಅಂತ ನೋಡುವ ಪರೀಕ್ಷೆ, ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು, ಮಾಮೂಲಿನ ಗುಂಪಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ. ಯಾರೂ ಅವರ ಖಾರ ಬಿಡಿಸಿರಲಿಲ್ಲ, ರೊಟ್ಟಿ ಬದಲಿಸಿರಲಿಲ್ಲ. ಮುಂಬೈಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಆಸ್ಪತ್ರೆಯವರು ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ವಿಐಎ ಮಾಡಿಸಿದರು. ಅಲ್ಲಿಯೂ ಸಾವು 31% ಕಡಿಮೆಯಾಯಿತು. ಈ ಮಟ್ಟದ ಲಾಭ ಕೊಟ್ಟ ಒಂದು ಹಣ್ಣು, ಒಂದು ಸೊಪ್ಪು, ಒಂದು ಪುಡಿಯನ್ನೂ ನಾನು ಕಂಡಿಲ್ಲ.

ಆದರೂ 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನಮ್ಮ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿದವರು ನೂರಕ್ಕೆ ಇಬ್ಬರೂ ಇರಲಿಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ಇನ್ನು ನಿಮ್ಮ ದೊಡ್ಡಮ್ಮನ ಊಟ. ಇಲ್ಲಿ ದಯವಿಟ್ಟು ಗಮನ ಕೊಟ್ಟು ಓದಿ, ಯಾಕೆಂದರೆ ಊಟ ನಿಜವಾಗಿ ಜೀವ ಉಳಿಸುವ ಜಾಗ ಇದೇ.

ರೇಡಿಯೇಷನ್, ಅಂದರೆ ನಮ್ಮ ಜನ ಕರೆಂಟ್ ಕೊಡುವುದು ಅನ್ನುತ್ತಾರಲ್ಲ, ಅದು ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ನಡೆಯುತ್ತದೆ. ಜೊತೆಗೆ ಸಾಮಾನ್ಯವಾಗಿ ವಾರಕ್ಕೊಂದು ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಬಾಟಲಿ. ಆಮೇಲೆ ಒಳಗಿನಿಂದಲೂ ಕೆಲವು ಬಾರಿ ರೇಡಿಯೇಷನ್ ಕೊಡುತ್ತಾರೆ. ಇದೆಲ್ಲಾ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ನಿಂತು ನಿಂತು ಎಳೆದರೆ ಗುಣವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ನಿಲ್ಲುವುದು ಯಾಕೆ? ರಕ್ತ ಕಡಿಮೆಯಾಯಿತು, ಭೇದಿ ನಿಲ್ಲಲಿಲ್ಲ, ಸುಸ್ತಾಗಿ ಏಳಲಾಗಲಿಲ್ಲ, ಇವೇ ಕಾರಣ. ಮೂರಕ್ಕೂ ಊಟದ ಸಂಬಂಧ ಇದೆ. ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, 10ಕ್ಕಿಂತ ಕೆಳಗೆ ಇಳಿದರೆ ಗಡ್ಡೆಗೆ ಆಮ್ಲಜನಕ ಸರಿಯಾಗಿ ಹೋಗುವುದಿಲ್ಲ. ಆಮ್ಲಜನಕ ಇಲ್ಲದ ಗಡ್ಡೆಯ ಮೇಲೆ ರೇಡಿಯೇಷನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಬೇಕಾದರೆ ರಕ್ತ ಏರಿಸುತ್ತಾರೆ.

ಇಂಥ ಹೊತ್ತಿನಲ್ಲಿ ಮೊಟ್ಟೆ ನಂಜು, ಮೊಸರು ನಂಜು, ಶೇಂಗಾ ನಂಜು ಅಂತ ಬಿಡಿಸಿದರೆ ಆ ತಾಯಿ ತಿನ್ನುವುದಾದರೂ ಏನು? ಗಂಜಿ, ತಿಳಿಸಾರು. ಹಾಗೆ ಗಂಜಿಯಲ್ಲೇ ಇದ್ದ ಒಬ್ಬ ಅಜ್ಜಿಯನ್ನು ಅವರ ಮಗ ನಮ್ಮಲ್ಲಿಗೆ ಕರೆತಂದಿದ್ದರು. ಎರಡನೇ ವಾರಕ್ಕೇ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಗುತ್ತಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕಾಯಿಲೆಗಿಂತ ಪಥ್ಯವೇ ಅವರನ್ನು ಸೋಲಿಸುತ್ತಿತ್ತು. ನಂಜು ಅನ್ನುವ ಭಯ ಕೈಬಿಡಿ. ಮೊಟ್ಟೆ ತಿಂದರೆ ಗಡ್ಡೆ ಬೆಳೆಯುವುದಿಲ್ಲ, ಬದನೆಕಾಯಿಯಿಂದ ಕೀವು ಆಗುವುದಿಲ್ಲ. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ ಕೊಡಿ. ಮೊಟ್ಟೆ ತಿನ್ನದ ಮನೆಯಾದರೆ ತೆಳ್ಳಗೆ ಬೇಯಿಸಿದ ಹೆಸರುಬೇಳೆ, ಮೊಸರು, ಪನೀರ್. ಮಾಂಸ ತಿನ್ನುವವರಾದರೆ ಮೆತ್ತಗೆ ಬೇಯಿಸಿದ ಕೋಳಿ, ಮೀನು. ಸಕ್ಕರೆ-ಬೆಲ್ಲ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅಂತಲೂ ಹೇಳುವವರು ಸಿಗುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದು ಲೋಟ ಚಹಾದ ಸಕ್ಕರೆಗೆ, ಒಂದು ಹೋಳಿಗೆಗೆ ಹೆದರಬೇಕಾಗಿಲ್ಲ. ತೂಕ ಇಳಿಯದ ಹಾಗೆ ನೋಡಿಕೊಳ್ಳುವುದೇ ಆಗ ಮುಖ್ಯ.

ಒಂದು ಬದಲಾವಣೆ ಮಾತ್ರ ಬೇಕು. ಎರಡು-ಮೂರನೇ ವಾರದಿಂದ ಕರುಳು ಕೆರಳಿ ಭೇದಿ ಶುರುವಾಗಬಹುದು. ಆ ದಿನಗಳಲ್ಲಿ ಮೊದಲು ನಾನು ಹೊಗಳಿದ ಊಟವನ್ನೇ ಬದಿಗಿಡಬೇಕು. ಜೋಳದ ರೊಟ್ಟಿ, ಹಸಿ ಹಕ್ಕರಕಿ, ಮೂಲಂಗಿ, ಇಡೀ ಕಾಳು, ಖಾರದ ಚಟ್ನಿ, ಮಿರ್ಚಿ ಕೆಲವು ವಾರ ಬೇಡ. ಖಾರ ಬೇಡ ಅನ್ನುವುದು ಕೆರಳಿದ ಕರುಳಿಗಾಗಿ, ಕ್ಯಾನ್ಸರಿಗಾಗಿ ಅಲ್ಲ. ಮೆತ್ತಗಿನ ಸೋನಾಮಸೂರಿ ಅನ್ನ, ಮೊಸರನ್ನ, ಹೆಸರುಬೇಳೆ ಕಿಚಡಿ, ಇಡ್ಲಿ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಕೊಡಿ. ಹಾಲು ಒಗ್ಗದಿದ್ದರೆ ಉಪ್ಪು ಹಾಕಿದ ತಿಳಿ ಮಜ್ಜಿಗೆ. ಮೂರು ಸಲ ದೊಡ್ಡ ತಟ್ಟೆ ಇಡುವ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಕೀಮೋ ಔಷಧಿಗೆ ಮೂತ್ರಪಿಂಡ ಕೆಡಿಸುವ ಗುಣ ಇದೆ, ಹಾಗಾಗಿ ಡಾಕ್ಟರ್ ಬೇಡ ಅನ್ನದಿದ್ದರೆ ದಿನಕ್ಕೆ ಎರಡೂವರೆ-ಮೂರು ಲೀಟರ್ ನೀರು ಹೋಗಲಿ. ವಾಂತಿ ಬರುವ ಹಾಗಾದರೆ ಬಿಸಿ ಸಾಂಬಾರಿನ ವಾಸನೆಗಿಂತ ತಣ್ಣಗಿನ ಮೊಸರನ್ನ ಸುಲಭವಾಗಿ ಒಳಗೆ ಹೋಗುತ್ತದೆ. ದಿನಕ್ಕೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಭೇದಿಯಾದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಊಟದಲ್ಲಿ ಸರಿ ಮಾಡಲು ಹೋಗದೆ ಅವತ್ತೇ ಆಸ್ಪತ್ರೆಗೆ ಹೇಳಿ. ಕಬ್ಬಿಣದ ಮಾತ್ರೆ ಬರೆದಿದ್ದರೆ ಅದರ ಜೊತೆಗೆ ಚಹಾ ಬೇಡ, ನಿಂಬೆ ಪಾನಕ ಆಗಬಹುದು. ಚಿಕಿತ್ಸೆ ಮುಗಿದು ಕರುಳು ಸುಧಾರಿಸಿದ ಮೇಲೆ ರೊಟ್ಟಿ-ಪಲ್ಯಕ್ಕೆ ನಿಧಾನವಾಗಿ ಮರಳಬಹುದು.

ಲಕ್ಷ್ಮಣ ಫಲದ ರಸ ಕೊಡಬೇಡಿ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಸತ್ತದ್ದನ್ನು ಹಿಡಿದುಕೊಂಡು ಅದನ್ನು ಔಷಧಿ ಅಂತ ಮಾರುತ್ತಿದ್ದಾರೆ, ಮನುಷ್ಯರಲ್ಲಿ ಗುಣವಾಗಿದ್ದಕ್ಕೆ ಆಧಾರ ಇಲ್ಲ. ಅದರಲ್ಲಿ ನರಗಳಿಗೆ ಹಾನಿ ಮಾಡುವ ಅಂಶವೂ ಇದೆ. ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಆ ಹಣ್ಣು, ಅದರ ಎಲೆಯ ಕಷಾಯ ಬಹಳ ಸೇವಿಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಂಡುಬಂದಿದೆ. ಗೋಧಿ ಹುಲ್ಲು, ಅರಿಶಿನದ ಕ್ಯಾಪ್ಸೂಲ್ ಇತ್ಯಾದಿ ಏನೇ ಕೊಡುವ ಮೊದಲೂ ರೇಡಿಯೇಷನ್ ಡಾಕ್ಟರನ್ನು ಕೇಳಿ. ಎಲ್ಲಕ್ಕಿಂತ ದೊಡ್ಡ ನಷ್ಟ ಅಂದರೆ "ಒಂದು ತಿಂಗಳು ಇದನ್ನು ನೋಡೋಣ, ಆಮೇಲೆ ಹುಬ್ಬಳ್ಳಿಗೆ ಹೋಗೋಣ" ಅನ್ನುವುದು. ಆ ಒಂದು ತಿಂಗಳು ಕಳೆಯಬೇಡಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ, ಬೆಂಗಳೂರಿನ ಕಿದ್ವಾಯಿ, ಯಾವುದು ಬೇಗ ಆಗುತ್ತದೋ ಅಲ್ಲಿಗೆ ಹೋಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್, ಬಳ್ಳಾರಿಯ ಬಯಾಪ್ಸಿ ವರದಿ ಜೊತೆಗಿರಲಿ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ನಿಮ್ಮ ಮಗಳಿಗೆ 12 ವರ್ಷ, ಈ ವೈರಸ್ ತಡೆಯುವ ಲಸಿಕೆಗೆ ಸರಿಯಾದ ವಯಸ್ಸು. 9ರಿಂದ 14ರೊಳಗೆ ಹಾಕಿಸಿದರೆ ಲಾಭ ಜಾಸ್ತಿ, ಯಾಕೆಂದರೆ ವೈರಸ್ ತಗುಲುವ ಮೊದಲೇ ರಕ್ಷಣೆ ಸಿಗುತ್ತದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ, ಗಾರ್ಡಸಿಲ್ ಕೂಡ ಇದೆ. 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ನಿಮ್ಮೂರಲ್ಲಿ ಉಚಿತವಾಗಿ ಸಿಗುತ್ತದಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಹಾಕಿಸಿಕೊಂಡ ಹುಡುಗಿಗೂ 30 ದಾಟಿದ ಮೇಲೆ ಪರೀಕ್ಷೆ ಬೇಕು, ಇದು ಅವಳಿಗೆ ಗೊತ್ತಿರಲಿ.

ನೀವು ಮುಂದಿನ ಮುಟ್ಟು ಮುಗಿದ ವಾರದಲ್ಲಿ ಹೋಗಿ. ಮುಟ್ಟಿನಲ್ಲಿದ್ದಾಗ ಪರೀಕ್ಷೆ ಆಗುವುದಿಲ್ಲ. ಹಿಂದಿನ ಎರಡು ದಿನ ಒಳಗೆ ಮಾತ್ರೆ, ಕ್ರೀಮು ಏನೂ ಬೇಡ. ತಾಲೂಕು ಆಸ್ಪತ್ರೆಯಲ್ಲಿ ವಿಐಎ ಯಾವ ದಿನ ಮಾಡುತ್ತಾರೆ ಅಂತ ಕೇಳಿ, ಅಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್ ಅಥವಾ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ (ಹಿಂದೆ ವಿಮ್ಸ್ ಅನ್ನುತ್ತಿದ್ದರು) ಸ್ತ್ರೀರೋಗ ವಿಭಾಗದಲ್ಲಿ ಪ್ಯಾಪ್ ಪರೀಕ್ಷೆ ಕೇಳಿ, ಅಂದರೆ ಗರ್ಭಕೋಶದ ಬಾಯಿಯಿಂದ ಸ್ವಲ್ಪ ಕಣ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಬಿಳಿ ಹೋಗುವುದಕ್ಕೂ ಅಲ್ಲೇ ಔಷಧಿ ಬರೆಸಿಕೊಳ್ಳಿ. ವಿಐಎ ಸರಿಯಿದ್ದರೆ ಮತ್ತೆ ಐದು ವರ್ಷಕ್ಕೆ ಮಾಡಿಸಿದರೆ ಆಯಿತು, ಪ್ಯಾಪ್ ಆದರೆ ಮೂರು ವರ್ಷಕ್ಕೆ. ಅತ್ತೆಯವರನ್ನೂ ಜೊತೆಗೇ ಕರೆದುಕೊಂಡು ಹೋಗಿ. ಅವರಿಗೆ ಮುಟ್ಟು ನಿಂತಿರುತ್ತದೆ, ಆ ವಯಸ್ಸಿನಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುವುದರಿಂದ ವಿಐಎಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅವರಿಗೆ ಎಚ್‌ಪಿವಿ ಪರೀಕ್ಷೆ ಸಿಕ್ಕರೆ ಅದು, ಇಲ್ಲದಿದ್ದರೆ ಪ್ಯಾಪ್ ಮಾಡಿ ಅಂತ ನೀವೇ ಡಾಕ್ಟರಿಗೆ ಹೇಳಿ.